ಆನ್‌ಲೈನ್ ಉಡುಪಿನ ಅಳತೆ ಮತ್ತು ಗುಣಮಟ್ಟ: ಕೊಳ್ಳುವ ಮೊದಲು, ಕೊಂಡ ಮೇಲೆ

ಆನ್‌ಲೈನ್ ಫಾಸ್ಟ್ ಫ್ಯಾಷನ್ (ಹೊಸ ವಿನ್ಯಾಸಗಳನ್ನು ಬೇಗಬೇಗನೆ, ಅಗ್ಗವಾಗಿ ತಯಾರಿಸಿ ಮಾರುವ) ಮಾರಾಟಗಾರರಿಂದ ಬಟ್ಟೆ ತರಿಸಿಕೊಳ್ಳುವವರ ದೂರುಗಳು ಮುಖ್ಯವಾಗಿ ಎರಡು. ‘ಎಂ’ ಸೈಜಿನ ಅಂಗಿ ಒಮ್ಮೆ ಮೈಗೆ ಸರಿಯಾಗಿ ಕೂರುತ್ತದೆ, ಮತ್ತೊಮ್ಮೆ ಅದೇ ‘ಎಂ’ ಭುಜದಲ್ಲಿ ಹಿಡಿದು ತೋಳೆತ್ತಲು ಬಿಡುವುದಿಲ್ಲ ಎಂಬುದು ಮೊದಲನೆಯದು. ಚಿತ್ರದಲ್ಲಿ ದಪ್ಪವಾಗಿ, ಸೊಗಸಾಗಿ ಇಳಿಬಿದ್ದಂತೆ ಕಂಡ ಬಟ್ಟೆ ಕೈಗೆ ಬಂದಾಗ ಬೆಳಕು ಹಾಯುವಷ್ಟು ತೆಳ್ಳಗಿರುತ್ತದೆ, ಇಲ್ಲವೇ ಕೆಲವೇ ಒಗೆತಗಳಲ್ಲಿ ಆಕಾರ ಕಳೆದುಕೊಳ್ಳುತ್ತದೆ ಎಂಬುದು ಎರಡನೆಯದು. ಅಂಗಡಿಯಲ್ಲಾದರೆ ಬಟ್ಟೆಯನ್ನು ಮುಟ್ಟಿ, ತೊಟ್ಟು ನೋಡಿ ತೀರ್ಮಾನಿಸುವ ಅವಕಾಶವಿರುತ್ತದೆ. ಪರದೆಯ ಮೇಲೆ ಅದಿಲ್ಲ. ಆದರೆ ಒಂದು ಅಳತೆ ಟೇಪು, ಸ್ವಲ್ಪ ತಾಳ್ಮೆ ಮತ್ತು ಮಾರಾಟದ ಪುಟವನ್ನು ಓದುವ ಒಂದು ಕ್ರಮವಿದ್ದರೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಬಟ್ಟೆ ಆರಿಸುವುದರಿಂದ ಹಿಡಿದು ಮೊದಲ ಒಗೆತದವರೆಗೆ ಏನೇನು ಮಾಡಬೇಕೆಂಬುದನ್ನು ಆ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಒಂದೇ ಅಕ್ಷರಕ್ಕೆ ಬೇರೆ ಬೇರೆ ಅಳತೆ ಏಕೆ

ಕಾರಣ ತಿಳಿದಿದ್ದರೆ ಮುಂದಿನ ಹಂತಗಳ ಅಗತ್ಯ ಮನವರಿಕೆಯಾಗುತ್ತದೆ. ‘ಎಸ್’, ‘ಎಂ’, ‘ಎಲ್’ ಎಂಬ ಅಕ್ಷರಗಳಿಗೆ ಜಗತ್ತಿನಾದ್ಯಂತ ಎಲ್ಲರೂ ಪಾಲಿಸಲೇಬೇಕಾದ ನಿಯಮವೆಂಬುದು ಇಲ್ಲ. ಅಮೆರಿಕದ ಕೃಷಿ ಇಲಾಖೆ 1939–40ರಲ್ಲಿ ಸುಮಾರು 15,000 ಮಹಿಳೆಯರ ದೇಹದ ಅಳತೆಗಳನ್ನು ಸಂಗ್ರಹಿಸಿತು. ಅದನ್ನು ಆಧರಿಸಿ 1958ರಲ್ಲಿ ಅಲ್ಲಿ ಒಂದು ಮಾನಕ ಪ್ರಕಟವಾಯಿತು, 1970ರಲ್ಲಿ ಪರಿಷ್ಕರಣೆಯಾಯಿತು, 1983ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಯುರೋಪಿನಲ್ಲಿ ಇಎನ್ 13402 ಎಂಬ ಮಾನಕವಿದೆ, ದೇಹದ ಅಳತೆಗಳನ್ನು ತೆಗೆದುಕೊಳ್ಳುವ ಬಗೆಗೆ ಐಎಸ್ಒ 8559 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆದರೆ ಇವುಗಳನ್ನು ಪಾಲಿಸುವುದು ತಯಾರಕರ ಇಚ್ಛೆಗೆ ಬಿಟ್ಟ ವಿಷಯ. ಹೀಗಾಗಿ ಪ್ರತಿಯೊಂದು ಬ್ರ್ಯಾಂಡ್ ತನ್ನ ಗ್ರಾಹಕರು ಹೇಗಿರುತ್ತಾರೆಂದು ಊಹಿಸುತ್ತದೆಯೋ ಅದಕ್ಕೆ ತಕ್ಕಂತೆ ತನ್ನ ‘ಎಂ’ ಅನ್ನು ರೂಪಿಸಿಕೊಳ್ಳುತ್ತದೆ. ಕೊಳ್ಳುವವರಿಗೆ ಹಿತವೆನಿಸಲೆಂದು ದೊಡ್ಡ ಅಳತೆಯ ಉಡುಪಿಗೆ ಚಿಕ್ಕ ಸೈಜಿನ ಪಟ್ಟಿ ಅಂಟಿಸುವ ರೂಢಿಯೂ ಬಹುಕಾಲದಿಂದ ನಡೆದುಬಂದಿದೆ.

ಒಂದೇ ಬ್ರ್ಯಾಂಡಿನೊಳಗೂ ವ್ಯತ್ಯಾಸ ಬರುತ್ತದೆ. ಕಾರ್ಖಾನೆಯಲ್ಲಿ ಮೊದಲು ಒಂದು ಮಧ್ಯಮ ಸೈಜಿನ ಮಾದರಿಯನ್ನು ಹೊಲಿದು, ಅದನ್ನು ಲೆಕ್ಕಾಚಾರದಿಂದ ಹಿಗ್ಗಿಸಿ, ಕುಗ್ಗಿಸಿ ಉಳಿದ ಸೈಜುಗಳನ್ನು ತಯಾರಿಸುತ್ತಾರೆ. ಆ ಮಾದರಿಯಿಂದ ದೂರ ಹೋದಷ್ಟೂ, ಅಂದರೆ ತೀರಾ ಚಿಕ್ಕ ಮತ್ತು ತೀರಾ ದೊಡ್ಡ ಸೈಜುಗಳಲ್ಲಿ, ಉಡುಪು ಮೈಗೆ ಒಪ್ಪದಿರುವ ಸಂಭವ ಹೆಚ್ಚು. ಏಕೆಂದರೆ ಮನುಷ್ಯನ ದೇಹ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಆಮೇಲೆ ಬಟ್ಟೆಯನ್ನು ಹತ್ತಾರು ಪದರಗಳಾಗಿ ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುವಾಗ, ಕತ್ತರಿಸುವ ಅಲಗು ಕೊಂಚ ವಾಲಿದರೂ ಮೇಲಿನ ಪದರಕ್ಕೂ ತಳದ ಪದರಕ್ಕೂ ವ್ಯತ್ಯಾಸವಾಗುತ್ತದೆ. ಟೀ ಶರ್ಟಿನಂತಹ ಹೆಣಿಗೆ ಬಟ್ಟೆಯನ್ನು ಸುರುಳಿಯಿಂದ ಬಿಚ್ಚಿದ ಮೇಲೆ, ಎಳೆತ ಸಡಿಲವಾಗಲೆಂದು ಕೆಲವು ಗಂಟೆಗಳ ಕಾಲ ಹಾಗೆಯೇ ಬಿಡಬೇಕು. ಅವಸರದ ಉತ್ಪಾದನೆಯಲ್ಲಿ ಈ ವಿಶ್ರಾಂತಿ ತಪ್ಪಿದರೆ, ಹಿಗ್ಗಿದ ಸ್ಥಿತಿಯಲ್ಲಿಯೇ ಕತ್ತರಿಸಿದ ಬಟ್ಟೆ ಹೊಲಿದಾದ ಮೇಲೆ ಕುಗ್ಗುತ್ತದೆ.

ಇನ್ನು ತಯಾರಕರೇ ಒಪ್ಪಿಕೊಳ್ಳುವ ವ್ಯತ್ಯಾಸದ ಲೆಕ್ಕ ನೋಡಿ. ಹಾಸಿದ ಉಡುಪಿನ ಎದೆಯಗಲದಲ್ಲಿ 1 ಸೆಂ.ಮೀ. ಹೆಚ್ಚು ಅಥವಾ ಕಡಿಮೆ ಇದ್ದರೆ ಅದನ್ನು ದೋಷವೆಂದು ಪರಿಗಣಿಸದಿರುವುದು ಉದ್ಯಮದಲ್ಲಿ ಸಾಮಾನ್ಯ. ಒಂದು ಅಂಗಿ 1 ಸೆಂ.ಮೀ. ಹೆಚ್ಚಾಗಿ, ಇನ್ನೊಂದು 1 ಸೆಂ.ಮೀ. ಕಡಿಮೆಯಾಗಿ ಬಂದರೆ ಅಗಲದಲ್ಲಿ 2 ಸೆಂ.ಮೀ., ಸುತ್ತಳತೆಯಲ್ಲಿ 4 ಸೆಂ.ಮೀ. ವ್ಯತ್ಯಾಸವಾಯಿತು. ಒಂದು ಸೈಜಿಗೂ ಮುಂದಿನ ಸೈಜಿಗೂ ಇರುವ ಅಂತರವೇ ಅನೇಕ ಬಾರಿ 4ರಿಂದ 6 ಸೆಂ.ಮೀ. ಅಂದಮೇಲೆ, ಎರಡೂ ‘ಎಂ’ಗಳು ನಿಯಮದ ಪ್ರಕಾರ ಸರಿಯಿದ್ದೂ ಒಂದು ನಿಮಗೆ ಹಿಡಿಯುವುದು, ಇನ್ನೊಂದು ಸಡಿಲವಾಗುವುದು ಸಾಧ್ಯ. ಒಂದೇ ವಿನ್ಯಾಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ, ಬೇರೆ ಬೇರೆ ಕಾರ್ಖಾನೆಗಳಲ್ಲಿ ಹೊಲಿಸುವ ಕಡೆ, ಒಂದೇ ಚಿತ್ರವನ್ನು ಹಲವು ಮಾರಾಟಗಾರರು ಬಳಸುವ ಜಾಲತಾಣಗಳಲ್ಲಿ, ಈ ಅಂತರ ಇನ್ನೂ ಹಿಗ್ಗುತ್ತದೆ. ನಿಮ್ಮ ದೇಹದಲ್ಲಿ ದೋಷವಿದೆಯೆಂದು ಇದರಿಂದ ಯಾರೂ ನೊಂದುಕೊಳ್ಳಬೇಕಾಗಿಲ್ಲ.

ಮೊದಲನೆಯ ಹಂತ: ದೇಹದ ಅಳತೆ

ತೆಳುವಾದ ಒಳ ಉಡುಪಿನ ಮೇಲೆ, ಸಹಜವಾಗಿ ಉಸಿರಾಡುತ್ತ, ಮೆದುವಾದ ಟೇಪಿನಿಂದ ಅಳೆದುಕೊಳ್ಳಿ. ಟೇಪು ನೆಲಕ್ಕೆ ಸಮಾನಾಂತರವಾಗಿರಬೇಕು. ಬೆನ್ನಿನ ಕಡೆ ಇಳಿದರೆ ಅಳತೆ ತಪ್ಪುತ್ತದೆ, ಆದ್ದರಿಂದ ಇನ್ನೊಬ್ಬರ ನೆರವು ಸಿಕ್ಕರೆ ಒಳ್ಳೆಯದು. ಎದೆಯನ್ನು ಅದರ ಅತಿ ಉಬ್ಬಿದ ಭಾಗದಲ್ಲಿ, ಸೊಂಟವನ್ನು ಪಕ್ಕೆಲುಬಿನ ಕೆಳಗೆ ಅತಿ ಕಿರಿದಾದ ಭಾಗದಲ್ಲಿ, ನಿತಂಬವನ್ನು ಅದರ ಅತಿ ಅಗಲವಾದ ಭಾಗದಲ್ಲಿ ಅಳೆಯಬೇಕು. ಭುಜದ ಅಳತೆಯನ್ನು ಒಂದು ಭುಜದ ಮೂಳೆಯ ತುದಿಯಿಂದ ಕುತ್ತಿಗೆಯ ಹಿಂಬದಿಯ ಮೂಲಕ ಇನ್ನೊಂದು ತುದಿಯವರೆಗೆ ತೆಗೆದುಕೊಳ್ಳಿ. ಪ್ಯಾಂಟು ಕಟ್ಟುವ ಜಾಗ ಸೊಂಟದ ಕಿರಿದಾದ ಭಾಗಕ್ಕಿಂತ ಕೆಳಗಿದ್ದರೆ ಅಲ್ಲಿಯ ಸುತ್ತಳತೆಯನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಏಕೆಂದರೆ ಸೈಜ್ ಚಾರ್ಟಿನ ‘ಸೊಂಟ’ ಕೆಲವೊಮ್ಮೆ ಅದು, ಕೆಲವೊಮ್ಮೆ ಇದು. ಎಲ್ಲವನ್ನೂ ಸೆಂಟಿಮೀಟರು ಮತ್ತು ಇಂಚು ಎರಡರಲ್ಲಿಯೂ ಫೋನಿನಲ್ಲಿ ಬರೆದಿಟ್ಟರೆ ಪ್ರತಿ ಸಲ 2.54ರಿಂದ ಗುಣಿಸುವ ತೊಂದರೆ ತಪ್ಪುತ್ತದೆ.

ಎರಡನೆಯ ಹಂತ: ಒಪ್ಪುವ ಉಡುಪಿನ ಅಳತೆ

ಈ ಲೇಖನದಲ್ಲಿ ಹೇಳಿರುವ ಎಲ್ಲವನ್ನೂ ಮಾಡಲು ಸಮಯವಿಲ್ಲದವರು ಇದೊಂದನ್ನು ಮಾತ್ರ ಮಾಡಿದರೂ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದೇಹದ ಅಳತೆ ನಿಮ್ಮ ಗಾತ್ರವನ್ನು ಹೇಳುತ್ತದೆ. ಆದರೆ ಬಟ್ಟೆ ಎಷ್ಟು ಸಡಿಲವಾಗಿದ್ದರೆ ನಿಮಗೆ ಹಿತ, ತೋಳು ಎಲ್ಲಿಗೆ ನಿಲ್ಲಬೇಕು, ಅಂಗಿ ಎಷ್ಟು ಉದ್ದವಿರಬೇಕು ಎಂಬುದನ್ನು ಹೇಳುವುದಿಲ್ಲ. ನಿಮ್ಮ ಕಪಾಟಿನಲ್ಲಿ ಈಗಾಗಲೇ ಇರುವ, ನೀವು ಮನಃಪೂರ್ವಕವಾಗಿ ಇಷ್ಟಪಟ್ಟು ತೊಡುವ ಉಡುಪು ಅದನ್ನು ಹೇಳುತ್ತದೆ.

ಅಂತಹ ಒಂದು ಅಂಗಿಯನ್ನು ಮೇಜಿನ ಮೇಲೆ ಅಥವಾ ನೆಲದ ಮೇಲೆ, ಗುಂಡಿಗಳನ್ನು ಹಾಕಿ, ಸುಕ್ಕು ಬಿಡಿಸಿ, ಎಳೆಯದೆ ಹಾಸಿ. ಹಾಸಿಗೆಯ ಮೇಲೆ ಬೇಡ. ಮೆತ್ತನೆಯ ಜಾಗದಲ್ಲಿ ಬಟ್ಟೆ ತಗ್ಗಿಗೆ ಇಳಿಯುತ್ತದೆ. ಕಂಕುಳಿನ ಹೊಲಿಗೆಯಿಂದ ಸುಮಾರು 2.5 ಸೆಂ.ಮೀ. ಕೆಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಅಳೆದರೆ ಎದೆಯಗಲ ಸಿಗುತ್ತದೆ. ಅದರ ಎರಡರಷ್ಟು ಸುತ್ತಳತೆ. ಭುಜದ ಹೊಲಿಗೆಯಿಂದ ಭುಜದ ಹೊಲಿಗೆಗೆ, ಭುಜದ ಹೊಲಿಗೆಯಿಂದ ತೋಳಿನ ಅಂಚಿಗೆ, ಕಾಲರಿನ ಪಕ್ಕದಲ್ಲಿ ಭುಜದ ಅತಿ ಎತ್ತರದ ಬಿಂದುವಿನಿಂದ ಕೆಳಗಿನ ಅಂಚಿಗೆ ಅಳೆಯಿರಿ. ಪ್ಯಾಂಟಿಗಾದರೆ ಸೊಂಟಪಟ್ಟಿಯ ಅಗಲ, ಕಾಲುಗಳು ಕೂಡುವ ಹೊಲಿಗೆಯಿಂದ ಸೊಂಟಪಟ್ಟಿಯ ಮೇಲಂಚಿನವರೆಗಿನ ಎತ್ತರ, ತೊಡೆಯ ಅಗಲ, ಒಳಗಾಲಿನ ಉದ್ದ ಮತ್ತು ಕಾಲಿನ ಅಂಚಿನ ಅಗಲ ಬೇಕು. ಕಾಲು ಕೂಡುವಲ್ಲಿಂದ ಸೊಂಟದವರೆಗಿನ ಎತ್ತರವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸೊಂಟ ಸರಿಯಿದ್ದೂ ಕುಳಿತಾಗ ಹಿಂದೆ ಜಾರುವ, ಇಲ್ಲವೇ ಮುಂದೆ ಕೊರೆಯುವ ಪ್ಯಾಂಟುಗಳ ತೊಂದರೆಗೆ ಹೆಚ್ಚಿನ ಬಾರಿ ಕಾರಣ ಅದೇ.

ನೆಯ್ದ ಬಟ್ಟೆಯ ಅಂಗಿ ಒಂದು, ಹಿಗ್ಗುವ ಹೆಣಿಗೆ ಬಟ್ಟೆಯ ಟೀ ಶರ್ಟು ಒಂದು, ಪ್ಯಾಂಟು ಒಂದು, ನೀವು ತೊಡುವ ಉದ್ದನೆಯ ಉಡುಪು ಒಂದು, ಇಷ್ಟರ ಅಳತೆಗಳು ಸಾಕು. ಬೇರೆ ಬೇರೆ ಬಗೆಯವನ್ನು ಅಳೆಯಲು ಕಾರಣವಿದೆ: ಟೀ ಶರ್ಟಿನ ಎದೆಯಗಲವನ್ನು ಹಿಗ್ಗದ ಬಟ್ಟೆಯ ಅಂಗಿಗೆ ಅನ್ವಯಿಸಿದರೆ ಗುಂಡಿ ಹಾಕಲಾಗುವುದಿಲ್ಲ. ಅಳೆಯುವ ಉಡುಪು ಹಲವು ಬಾರಿ ಒಗೆದದ್ದಾಗಿರಲಿ, ಅದರ ಕುಗ್ಗುವಿಕೆ ಅಷ್ಟರಲ್ಲಿ ಮುಗಿದಿರುತ್ತದೆ.

ಮೂರನೆಯ ಹಂತ: ಸೈಜ್ ಚಾರ್ಟನ್ನು ಸರಿಯಾಗಿ ಓದುವುದು

ಸೈಜ್ ಚಾರ್ಟುಗಳಲ್ಲಿ ಎರಡು ಬಗೆ. ಒಂದು ತೊಡುವವರ ದೇಹದ ಅಳತೆಯನ್ನು ಕೊಡುತ್ತದೆ, ಇನ್ನೊಂದು ಉಡುಪಿನ ಅಳತೆಯನ್ನು. ಇವೆರಡನ್ನು ಗೊಂದಲ ಮಾಡಿಕೊಂಡದ್ದರಿಂದಲೇ ಬಹಳಷ್ಟು ತಪ್ಪು ಸೈಜುಗಳು ಮನೆಗೆ ಬರುತ್ತವೆ. ‘88ರಿಂದ 92’ ಎಂಬಂತೆ ವ್ಯಾಪ್ತಿ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ದೇಹದ ಅಳತೆ. ‘104’ ಎಂದು ಒಂದೇ ಸಂಖ್ಯೆ ಇದ್ದು, ಜೊತೆಗೆ ಅಂಗಿಯ ಉದ್ದ, ತೋಳಿನ ಉದ್ದಗಳೂ ಇದ್ದರೆ ಅದು ಉಡುಪಿನ ಅಳತೆ. ನಿಮ್ಮ ಎದೆ 92 ಸೆಂ.ಮೀ. ಎಂದು ಉಡುಪಿನ ಅಳತೆಯ ಚಾರ್ಟಿನಲ್ಲಿ 92 ಇರುವ ಸಾಲನ್ನು ಹುಡುಕಿದರೆ ಉಸಿರು ಕಟ್ಟುವ ಅಂಗಿ ಬರುತ್ತದೆ.

ದೇಹಕ್ಕೂ ಉಡುಪಿಗೂ ನಡುವೆ ಬಿಡಬೇಕಾದ ಜಾಗ ಬಟ್ಟೆಯನ್ನು ಅವಲಂಬಿಸಿದೆ. ಹಿಗ್ಗದ ನೆಯ್ಗೆ ಬಟ್ಟೆಯ ಅಂಗಿಗೆ ಎದೆಯ ಸುತ್ತ 8ರಿಂದ 12 ಸೆಂ.ಮೀ. ಹೆಚ್ಚುವರಿ ಇದ್ದರೆ ತೋಳು ಆಡಿಸಲು, ಕೂರಲು, ಬಗ್ಗಲು ಅನುಕೂಲ. ಸಡಿಲ ವಿನ್ಯಾಸಗಳಲ್ಲಿ ಇದು 20 ಸೆಂ.ಮೀ. ದಾಟಬಹುದು. ಹೆಣಿಗೆ ಬಟ್ಟೆಗೆ ಕೆಲವೇ ಸೆಂಟಿಮೀಟರು ಸಾಕು. ಲೆಗಿಂಗ್‌ನಂತಹ ಮೈಗಂಟುವ ಉಡುಪುಗಳ ಅಳತೆ ದೇಹಕ್ಕಿಂತ ಕಡಿಮೆಯೇ ಇರುತ್ತದೆ, ಅದು ದೋಷವಲ್ಲ.

ಚಾರ್ಟು ಆ ಉಡುಪಿನದೇ ಹೌದೋ ಎಂಬುದನ್ನೂ ಪರೀಕ್ಷಿಸಬೇಕು. ಅದೇ ಮಾರಾಟಗಾರರ ಪುಟದಲ್ಲಿ ಮೈಗಂಟುವ ಟೀ ಶರ್ಟು ಮತ್ತು ಸಡಿಲವಾದ ಜಾಕೆಟು, ಎರಡರ ಚಾರ್ಟನ್ನೂ ತೆರೆಯಿರಿ. ಎರಡರಲ್ಲಿಯೂ ಸಂಖ್ಯೆಗಳು ತದ್ವತ್ತಾಗಿದ್ದರೆ ಅದು ಎಲ್ಲ ಉಡುಪುಗಳಿಗೂ ಅಂಟಿಸಿದ ಸಾರ್ವತ್ರಿಕ ಚಾರ್ಟು. ಅದರಿಂದ ಆ ಜಾಕೆಟಿನ ಬಗ್ಗೆ ನಿಮಗೆ ಏನೂ ತಿಳಿಯುವುದಿಲ್ಲ. ಅಂತಹ ಕಡೆ ಮಾಡೆಲ್‌ನ ಎತ್ತರ ಮತ್ತು ಅವರು ತೊಟ್ಟ ಸೈಜನ್ನು ಬರೆದಿದ್ದರೆ ಅದನ್ನು, ಇಲ್ಲವೇ ಕೊಂಡವರ ಮಾತನ್ನು ಆಧರಿಸಬೇಕಾಗುತ್ತದೆ. ಅಳತೆ ಕೇಳಿ ಮಾರಾಟಗಾರರಿಗೆ ಸಂದೇಶ ಕಳಿಸುವ ಸೌಲಭ್ಯವಿದ್ದರೆ ಬಳಸಿಕೊಳ್ಳಿ. ಹಾಸಿದ ಅಂಗಿಯ ಎದೆಯಗಲ ಎಷ್ಟು ಎಂಬ ಸರಳ ಪ್ರಶ್ನೆಗೆ ಉತ್ತರ ಬಾರದಿದ್ದರೆ, ಮುಂದೆ ತೊಂದರೆಯಾದಾಗ ಉತ್ತರ ಬರುತ್ತದೆಂಬ ಭರವಸೆ ಇಟ್ಟುಕೊಳ್ಳುವುದು ಕಷ್ಟ.

ಎರಡು ಸೈಜುಗಳ ನಡುವೆ ಸಿಕ್ಕಿಕೊಂಡವರು ಸರಿಪಡಿಸಲು ಕಷ್ಟವಾದ ಭಾಗಕ್ಕೆ ಹೊಂದುವ ಸೈಜನ್ನು ಆರಿಸಬೇಕು. ಮೇಲುಡುಪಿಗೆ ಭುಜ, ಪ್ಯಾಂಟಿಗೆ ನಿತಂಬ ಮತ್ತು ತೊಡೆ ಅಂತಹ ಭಾಗಗಳು. ಸೊಂಟವನ್ನು, ಪಕ್ಕದ ಹೊಲಿಗೆಯನ್ನು ಆಮೇಲೆ ದರ್ಜಿಯ ಬಳಿ ಹಿಡಿಸಬಹುದು. ಶುದ್ಧ ಹತ್ತಿಯಾದರೆ ಕುಗ್ಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಶೇ 5ರಷ್ಟು ಕುಗ್ಗಿದರೆ 70 ಸೆಂ.ಮೀ. ಉದ್ದದ ಟೀ ಶರ್ಟು 66.5 ಸೆಂ.ಮೀ.ಗೆ ಇಳಿಯುತ್ತದೆ, ಹೆಣಿಗೆಯ ಹತ್ತಿ ಬಟ್ಟೆಯಲ್ಲಿ ಇದು ಅಪರೂಪವೇನಲ್ಲ.

ನಾಲ್ಕನೆಯ ಹಂತ: ಬಟ್ಟೆಯ ವಿವರ

ವಿವರಣೆಯಲ್ಲಿ ಮೊದಲು ಹುಡುಕಬೇಕಾದದ್ದು ನಾರಿನ ಶೇಕಡಾವಾರು ಪ್ರಮಾಣ. ‘ಹತ್ತಿ ಮಿಶ್ರಿತ’ ಎಂದು ಮಾತ್ರ ಬರೆದಿದ್ದರೆ ಹತ್ತಿ ಶೇ 80ರಷ್ಟೂ ಇರಬಹುದು, ಶೇ 10ರಷ್ಟೂ ಇರಬಹುದು. ಸ್ಯಾಟಿನ್, ಕ್ರೇಪ್, ಜಾರ್ಜೆಟ್ ಎಂಬ ಹೆಸರುಗಳಿಂದ ಬಟ್ಟೆಯ ನೆಯ್ಗೆ ಅಥವಾ ಮೇಲ್ಮೈ ತಿಳಿಯುತ್ತದೆಯೇ ಹೊರತು ನಾರು ತಿಳಿಯುವುದಿಲ್ಲ. ಕಡಿಮೆ ಬೆಲೆಯಲ್ಲಿ ಸಿಗುವ ಸ್ಯಾಟಿನ್ ಬಹುತೇಕ ಪಾಲಿಯೆಸ್ಟರ್. ಸಾಮಾನ್ಯ ವಾತಾವರಣದಲ್ಲಿ ಹತ್ತಿ ತನ್ನ ತೂಕದ ಶೇ 7–8ರಷ್ಟು ತೇವವನ್ನು ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಹೀರುವುದು ಶೇ 0.4ರಷ್ಟು ಮಾತ್ರ. ಸೆಕೆಯಲ್ಲಿ ಪಾಲಿಯೆಸ್ಟರ್ ಮೈಗೆ ಅಂಟುವುದು ಇದರಿಂದಲೇ. ಮರದ ತಿರುಳಿನಿಂದ ತಯಾರಿಸುವ ನಾರಾದ ವಿಸ್ಕೋಸ್ ಮೃದುವಾಗಿ ಇಳಿಬೀಳುತ್ತದೆ, ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ; ಆದರೆ ಒದ್ದೆಯಾದಾಗ ಅದರ ಬಲ ಬಹಳ ಕುಂದುತ್ತದೆ ಮತ್ತು ಒಗೆದಾಗ ಕುಗ್ಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರಿನ ಮಿಶ್ರಣದಲ್ಲಿ ಗುಂಜು ಏಳುವ ಸಮಸ್ಯೆ ಹೆಚ್ಚು: ಉಜ್ಜಿದಾಗ ಮೇಲೆದ್ದ ನಾರುಗಳು ಉಂಡೆಗಟ್ಟುತ್ತವೆ, ಬಲವಾದ ಪಾಲಿಯೆಸ್ಟರ್ ಎಳೆಗಳು ಆ ಉಂಡೆಗಳನ್ನು ಉದುರಲು ಬಿಡುವುದಿಲ್ಲ.

ಎರಡನೆಯದು ತೂಕ. ಇದನ್ನು ಜಿಎಸ್ಎಂ ಎಂದು, ಅಂದರೆ ಒಂದು ಚದರ ಮೀಟರ್ ಬಟ್ಟೆಗೆ ಇಷ್ಟು ಗ್ರಾಂ ಎಂದು ಸೂಚಿಸುತ್ತಾರೆ. ಟೀ ಶರ್ಟುಗಳಲ್ಲಿ 130ರ ಆಸುಪಾಸಿನದು ತೆಳು, ತಿಳಿಬಣ್ಣದಲ್ಲಿ ಒಳಗಿನದು ಕಾಣುತ್ತದೆ. 160ರಿಂದ 180 ಸಾಧಾರಣ. 200ರ ಮೇಲಿನದು ದಪ್ಪ. ಡೆನಿಮ್ಮಿನ ತೂಕವನ್ನು ಔನ್ಸುಗಳಲ್ಲಿ ಹೇಳುವುದು ರೂಢಿ, ಚದರ ಗಜಕ್ಕೆ 12 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ. ತೂಕ ಹೆಚ್ಚಿದ್ದರೆ ಗುಣಮಟ್ಟವೂ ಹೆಚ್ಚು ಎಂದೇನೂ ಇಲ್ಲ, ಆದರೆ ತೂಕವನ್ನು ಬರೆಯುವ ಮಾರಾಟಗಾರರಿಗೆ ತಾವು ಏನು ಮಾರುತ್ತಿದ್ದೇವೆಂಬುದು ಗೊತ್ತಿರುವ ಸಂಭವ ಹೆಚ್ಚು.

ಐದನೆಯ ಹಂತ: ಚಿತ್ರ ಮತ್ತು ಕೊಂಡವರ ಅಭಿಪ್ರಾಯ

ಮಾಡೆಲ್ ತೊಟ್ಟ ಉಡುಪನ್ನು ಬೆನ್ನಿನ ಹಿಂದೆ ಕ್ಲಿಪ್ಪುಗಳಿಂದ ಹಿಡಿದು ಮೈಗೆ ಹೊಂದಿಸುವುದು ಚಿತ್ರೀಕರಣದಲ್ಲಿ ಸರ್ವೇಸಾಮಾನ್ಯ. ಹಿಂಬದಿಯ ಚಿತ್ರವೇ ಇಲ್ಲದಿದ್ದರೆ, ಪಕ್ಕದಿಂದ ಹಿಂದಕ್ಕೆ ಎಳೆದಂತಹ ಸುಕ್ಕುಗಳು ಕಂಡರೆ, ಹಾಗೆ ಮಾಡಿರಬಹುದೆಂದು ತಿಳಿಯಿರಿ. ಹೊಲಿಗೆ, ಕಾಲರು, ಗುಂಡಿಗಳ ಹತ್ತಿರದ ಚಿತ್ರಗಳಿವೆಯೇ ನೋಡಿ. ಚೌಕಳಿ ಅಥವಾ ಪಟ್ಟೆಯ ಬಟ್ಟೆಯಾದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗಳು ಕೂಡುತ್ತವೆಯೇ ನೋಡಿ. ಗೆರೆ ಕೂಡಿಸಲು ಹೆಚ್ಚು ಬಟ್ಟೆ, ಹೆಚ್ಚು ಸಮಯ ಬೇಕು, ಅಗ್ಗದ ತಯಾರಿಕೆಯಲ್ಲಿ ಮೊದಲು ಕೈಬಿಡುವುದು ಅದನ್ನೇ. ಈಗ ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರಗಳೂ ಸೇರಿಕೊಂಡಿವೆ: ಗುಂಡಿಗೆ ಎದುರಾಗಿ ಕಾಜ ಇಲ್ಲದಿರುವುದು, ಹೊಲಿಗೆ ಅರ್ಧದಲ್ಲಿಯೇ ಮಾಯವಾಗುವುದು, ಒಂದು ಚಿತ್ರದಿಂದ ಇನ್ನೊಂದಕ್ಕೆ ಜೇಬಿನ ಜಾಗ ಬದಲಾಗುವುದು ಅದರ ಗುರುತುಗಳು. ಚಿತ್ರದ ಮೂಲಕ ಹುಡುಕುವ ಸೌಲಭ್ಯ ಬಳಸಿದಾಗ ಅದೇ ಚಿತ್ರ ಹಲವು ಹೆಸರುಗಳಲ್ಲಿ, ಹಲವು ಬೆಲೆಗಳಲ್ಲಿ ಕಂಡರೆ, ಆ ಚಿತ್ರದ ಉಡುಪೇ ನಿಮಗೆ ಬರುತ್ತದೆಂದು ನಂಬಲು ಆಧಾರವಿಲ್ಲ.

ಅಭಿಪ್ರಾಯಗಳಲ್ಲಿ ನಕ್ಷತ್ರಗಳ ಸರಾಸರಿಗಿಂತ ಎರಡು ಮತ್ತು ಮೂರು ನಕ್ಷತ್ರ ಕೊಟ್ಟವರ ಬರಹ ಉಪಯುಕ್ತ. ಐದು ಕೊಟ್ಟವರು ‘ಚೆನ್ನಾಗಿದೆ’ ಎಂದಷ್ಟೇ ಬರೆದು ಹೋಗಿರುತ್ತಾರೆ, ಒಂದು ಕೊಟ್ಟವರಲ್ಲಿ ಅನೇಕರ ದೂರು ಸಾಗಣೆಯ ಬಗ್ಗೆ ಇರುತ್ತದೆ. ನಡುವಿನವರು ಮಾತ್ರ ಏನು ಸರಿ, ಏನು ತಪ್ಪು ಎಂದು ಬಿಡಿಸಿ ಹೇಳುತ್ತಾರೆ. ತಮ್ಮ ಎತ್ತರ, ತೂಕ, ಕೊಂಡ ಸೈಜು ಬರೆದವರನ್ನು, ಮನೆಯ ಬೆಳಕಿನಲ್ಲಿ ತೆಗೆದ ಚಿತ್ರ ಹಾಕಿದವರನ್ನು ಹುಡುಕಿ. ದಿನಾಂಕವನ್ನೂ ಗಮನಿಸಿ, ಕಾರ್ಖಾನೆ ಬದಲಾಗಿದ್ದರೆ ಎರಡು ವರ್ಷ ಹಿಂದಿನ ಮೆಚ್ಚುಗೆ ಈಗಿನ ಕಂತಿಗೆ ಅನ್ವಯಿಸುವುದಿಲ್ಲ.

ಆರನೆಯ ಹಂತ: ಹಣ ಕೊಡುವ ಮೊದಲು

ಹಿಂತಿರುಗಿಸುವ ನಿಯಮವನ್ನು ಪೂರ್ತಿಯಾಗಿ ಓದಿ. ಎಷ್ಟು ದಿನಗಳ ಒಳಗೆ, ಸಾಗಣೆಯ ವೆಚ್ಚ ಯಾರದು, ಹಣ ಮರಳಿ ಬರುತ್ತದೆಯೋ ಅಥವಾ ಅದೇ ಅಂಗಡಿಯಲ್ಲಿ ಬಳಸಬೇಕಾದ ಜಮಾ ಮೊತ್ತವಾಗುತ್ತದೆಯೋ, ರಿಯಾಯಿತಿಯಲ್ಲಿ ಕೊಂಡದ್ದಕ್ಕೂ ಇದು ಅನ್ವಯಿಸುತ್ತದೆಯೋ ಎಂಬುದನ್ನು ತಿಳಿದುಕೊಳ್ಳಿ. ಒಳ ಉಡುಪು, ಈಜುಡುಗೆಗಳನ್ನು ಬಹುತೇಕರು ಹಿಂದಕ್ಕೆ ಪಡೆಯುವುದಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು ಸಾಮಾನ್ಯವಾಗಿ 14 ದಿನಗಳೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಭಾರತದ 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಉತ್ಪನ್ನದ ಪುಟ, ಸೈಜ್ ಚಾರ್ಟು, ನಾರಿನ ವಿವರ ಮೂರರ ಸ್ಕ್ರೀನ್‌ಶಾಟನ್ನು ಆರ್ಡರ್ ಮಾಡಿದ ದಿನವೇ ತೆಗೆದಿಟ್ಟುಕೊಳ್ಳಿ, ಪುಟ ಆಮೇಲೆ ಬದಲಾಗಬಹುದು.

ಹೊಸ ಮಾರಾಟಗಾರರಿಂದ ಮೊದಲು ಒಂದೇ ಉಡುಪು ತರಿಸಿ ನೋಡುವುದು ಉತ್ತಮ. ಒಂದೇ ಉಡುಪನ್ನು ಮೂರು ಸೈಜುಗಳಲ್ಲಿ ತರಿಸಿ ಎರಡನ್ನು ಹಿಂತಿರುಗಿಸುವ ಅಭ್ಯಾಸವನ್ನು ನಾನು ಸಲಹೆ ಮಾಡುವುದಿಲ್ಲ. ಹಿಂತಿರುಗಿದ ಬಟ್ಟೆಗಳೆಲ್ಲ ಮತ್ತೆ ಮಾರಾಟಕ್ಕೆ ಹೋಗುವುದಿಲ್ಲ. ಅಗ್ಗದ ಉಡುಪನ್ನು ಪರೀಕ್ಷಿಸಿ, ಮಡಿಸಿ, ಮತ್ತೆ ಪ್ಯಾಕ್ ಮಾಡುವ ಖರ್ಚು ಅದರ ಬೆಲೆಯನ್ನೇ ಮೀರಿದಾಗ ಅದು ಕಸವಾಗುತ್ತದೆ. ಎರಡನೆಯ ಹಂತದಲ್ಲಿ ಹೇಳಿದ ಅಳತೆಗಳು ಕೈಯಲ್ಲಿದ್ದರೆ ಇದರ ಅಗತ್ಯವೂ ಬೀಳುವುದಿಲ್ಲ.

ಏಳನೆಯ ಹಂತ: ಪಾರ್ಸೆಲ್ ಬಂದ ದಿನ

ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿ ಕಾಣುವಂತೆ ಒಂದೇ ಓಟದ ವಿಡಿಯೊ ಮಾಡಿಕೊಳ್ಳಿ. ಟ್ಯಾಗುಗಳನ್ನು ಕತ್ತರಿಸಬೇಡಿ. ತೊಡುವ ಮೊದಲೇ ಉಡುಪನ್ನು ಹಾಸಿ ಅಳೆದು, ನಿಮ್ಮ ಪಟ್ಟಿಯ ಜೊತೆಗೂ ಮಾರಾಟಗಾರರ ಚಾರ್ಟಿನ ಜೊತೆಗೂ ಹೋಲಿಸಿ. ಆಮೇಲೆ ತೊಟ್ಟು, ನಿಂತು ಕನ್ನಡಿ ನೋಡಿದರೆ ಸಾಲದು: ಕುಳಿತುಕೊಳ್ಳಿ, ಎರಡೂ ಕೈ ಎತ್ತಿ, ಮುಂದೆ ಬಾಗಿ, ಮೆಟ್ಟಿಲು ಹತ್ತುವಂತೆ ಮೊಣಕಾಲೆತ್ತಿ ನೋಡಿ. ಅಂಗಿಯ ಗುಂಡಿಗಳ ನಡುವೆ ಬಾಯಿ ತೆರೆಯುತ್ತದೆಯೇ, ಭುಜದ ಹೊಲಿಗೆ ಮೂಳೆಯ ತುದಿಯಲ್ಲಿಯೇ ಕೂರುತ್ತದೆಯೇ, ತೋಳೆತ್ತಿದಾಗ ಇಡೀ ಅಂಗಿ ಮೇಲೇಳುತ್ತದೆಯೇ ಎಂದು ಗಮನಿಸಿ.

ಮುಂದಿನದು ಗುಣಮಟ್ಟದ ಪರೀಕ್ಷೆ, ಇದನ್ನು ಹಗಲು ಬೆಳಕಿನಲ್ಲಿಯೇ ಮಾಡಬೇಕು. ಉಡುಪನ್ನು ಕಿಟಕಿಗೆ ಎದುರಾಗಿ ಹಿಡಿದರೆ ನೆಯ್ಗೆಯ ತೆಳುಜಾಗಗಳು, ಸಣ್ಣ ತೂತುಗಳು, ಕಲೆಗಳು ಕಾಣುತ್ತವೆ. ಒಳಗನ್ನು ಹೊರಗೆ ಮಾಡಿ ಹೊಲಿಗೆ ನೋಡಿ. ಹಿಗ್ಗದ ಬಟ್ಟೆಯ ಅಂಗಿಯಲ್ಲಿ ಒಂದು ಇಂಚಿಗೆ 8ರಿಂದ 12 ಹೊಲಿಗೆ ಇರುವುದು ಸಾಮಾನ್ಯ. ಐದಾರೇ ಇದ್ದರೆ ಸಮಯ ಉಳಿಸಿದ್ದಾರೆಂದು ಅರ್ಥ. ಹೊಲಿಗೆಯ ಎರಡೂ ಬದಿಯ ಬಟ್ಟೆಯನ್ನು ಹಿಡಿದು ಹದವಾಗಿ ಎಳೆದಾಗ ನೂಲು ಹಲ್ಲುಗಳಂತೆ ಹೊರಗೆ ಕಾಣಬಾರದು. ಕತ್ತರಿಸಿದ ಅಂಚುಗಳಿಗೆ, ಎಳೆ ಬಿಡದಂತೆ ಸುತ್ತಿ ಹೊಲಿಯುವ ಓವರ್‌ಲಾಕ್ ಆಗಿರಬೇಕು ಮತ್ತು ಹೊಲಿಗೆಯಾಚೆ ಸಾಕಷ್ಟು ಬಟ್ಟೆ ಉಳಿದಿರಬೇಕು, ಇಲ್ಲದಿದ್ದರೆ ಬಟ್ಟೆ ಪಿಸಿದು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಜೇಬಿನ ಮೂಲೆ, ಕಂಕುಳು, ಪ್ಯಾಂಟಿನ ಕಾಲು ಕೂಡುವ ಜಾಗ, ಸೀಳಿರುವ ಅಂಚಿನ ಮೇಲ್ತುದಿ, ಇವು ಹೆಚ್ಚು ಎಳೆತ ಬೀಳುವ ಕಡೆಗಳಾದ್ದರಿಂದ ಅಲ್ಲಿ ಹೊಲಿಗೆ ಮರುಕಳಿಸಿ ಗಟ್ಟಿ ಮಾಡಿರಬೇಕು. ಅಲ್ಲಲ್ಲಿ ಇಳಿಬಿದ್ದ ನೂಲಿನ ತುದಿಗಳು ಮಾತ್ರ ದೊಡ್ಡ ದೋಷವಲ್ಲ, ಕತ್ತರಿಸಿದರೆ ಆಯಿತು.

ಟೀ ಶರ್ಟನ್ನು ಭುಜ ಹಿಡಿದು ಇಳಿಬಿಟ್ಟಾಗ ಪಕ್ಕದ ಹೊಲಿಗೆ ನೇರವಾಗಿ ಕೆಳಗಿಳಿಯಬೇಕು. ಅದು ಈಗಲೇ ಹೊಟ್ಟೆಯ ಕಡೆಗೆ ತಿರುಗಿದ್ದರೆ ಒಗೆದ ಮೇಲೆ ಇನ್ನೂ ತಿರುಗುತ್ತದೆ. ಒಂಟಿ ಹೆಣಿಗೆಯ ಬಟ್ಟೆಯಲ್ಲಿ ನೂಲಿನ ಹುರಿ ಬಿಚ್ಚಿಕೊಳ್ಳಲು ತವಕಿಸುವುದರಿಂದ ಹೀಗಾಗುತ್ತದೆ, ಮನೆಯಲ್ಲಿ ಇದಕ್ಕೆ ಪರಿಹಾರವಿಲ್ಲ, ಹಿಂತಿರುಗಿಸುವುದೇ ಸರಿ. ಜಿಪ್ಪನ್ನು ಹಲವು ಬಾರಿ ಮೇಲೆ ಕೆಳಗೆ ಎಳೆದು ನೋಡಿ, ಪ್ರತಿ ಗುಂಡಿಯನ್ನೂ ಕಾಜಕ್ಕೆ ಹಾಕಿ ತೆಗೆಯಿರಿ, ಇಲಾಸ್ಟಿಕ್ಕನ್ನು ಎಳೆದು ಬಿಟ್ಟಾಗ ಪೂರ್ತಿ ಹಿಂದಕ್ಕೆ ಬರುತ್ತದೆಯೇ ನೋಡಿ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಬಿಳಿ ಕರವಸ್ತ್ರದಿಂದ ಒಳಭಾಗದ ಹೊಲಿಗೆಯ ಅಂಚನ್ನು ಮೆಲ್ಲಗೆ ಉಜ್ಜಿ. ಒಣ ಬಟ್ಟೆಯಿಂದಲೇ ಬಣ್ಣ ಹತ್ತಿದರೆ ಆ ಉಡುಪು ಬೆವರಿನಲ್ಲಿ ಖಂಡಿತ ಬಣ್ಣ ಬಿಡುತ್ತದೆ. ನೀರು ತಾಗಿಸಬೇಡಿ, ಗುರುತು ಉಳಿದರೆ ಹಿಂತಿರುಗಿಸಲು ಅಡ್ಡಿಯಾಗಬಹುದು.

ಎಂಟನೆಯ ಹಂತ: ಹಿಂತಿರುಗಿಸುವುದು

ದೂರಿನಲ್ಲಿ ‘ಸೈಜು ಸರಿಯಿಲ್ಲ, ಕ್ವಾಲಿಟಿ ಕೆಟ್ಟದಾಗಿದೆ’ ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯವಾಗಿ ಉಳಿಯುತ್ತದೆ. ‘ನಿಮ್ಮ ಚಾರ್ಟಿನಲ್ಲಿ ಈ ಸೈಜಿನ ಎದೆಯ ಸುತ್ತಳತೆ 104 ಸೆಂ.ಮೀ. ಎಂದಿದೆ, ಬಂದ ಉಡುಪಿನದು 97 ಸೆಂ.ಮೀ. ಇದೆ, ಟೇಪು ಇಟ್ಟು ತೆಗೆದ ಚಿತ್ರ ಲಗತ್ತಿಸಿದ್ದೇನೆ’ ಎಂದು ಬರೆದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಕಾರಣಗಳ ಪಟ್ಟಿಯಿಂದ ಆರಿಸಬೇಕಾದಾಗ, ವ್ಯತ್ಯಾಸ ನಿಜವಾಗಿಯೂ ಮಾರಾಟಗಾರರ ಕಡೆಯದಾಗಿದ್ದರೆ ‘ನನಗೆ ಹೊಂದಲಿಲ್ಲ’ ಎಂಬುದನ್ನು ಬಿಟ್ಟು ‘ವಿವರಣೆಗೆ ಹೊಂದುವುದಿಲ್ಲ’ ಎಂಬುದನ್ನು ಗುರುತಿಸಿ, ಅನೇಕ ಕಡೆ ಸಾಗಣೆಯ ವೆಚ್ಚ ಯಾರದೆಂಬುದು ಇದರ ಮೇಲೆ ನಿಂತಿರುತ್ತದೆ. ಉಡುಪು ಹೇಳಿದ ಅಳತೆಗೆ ಸರಿಯಿದ್ದು ನಿಮ್ಮ ಆಯ್ಕೆ ತಪ್ಪಿದ್ದರೆ ಹಾಗೆಯೇ ಹೇಳಬೇಕು. ಮಾತುಕತೆಯನ್ನು ಫೋನಿನಲ್ಲಿ ಮುಗಿಸದೆ ಬರಹದಲ್ಲಿ ಇರಿಸಿಕೊಳ್ಳಿ, ಪಾರ್ಸೆಲ್ ಒಪ್ಪಿಸಿದ ರಸೀದಿಯನ್ನು ಹಣ ಬರುವವರೆಗೂ ಕಾಪಾಡಿ.

ಒಂಬತ್ತನೆಯ ಹಂತ: ಇಟ್ಟುಕೊಂಡ ಉಡುಪಿನ ಮೊದಲ ಒಗೆತ

ಹೊಸ ಉಡುಪನ್ನು ಒಗೆದೇ ತೊಡುವುದು ಒಳ್ಳೆಯದು. ಹೆಚ್ಚುವರಿ ಬಣ್ಣ ಹೋಗುವುದಲ್ಲದೆ, ಸುಕ್ಕಾಗದಂತೆ ಮಾಡಲು ಬಳಸುವ, ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡಬಲ್ಲ ರಾಳಗಳ ಶೇಷವೂ ಕಡಿಮೆಯಾಗುತ್ತದೆ. ಚರ್ಮ ಸೂಕ್ಷ್ಮವಾಗಿರುವವರಿಗೆ ಇದು ಮುಖ್ಯ. ಒಳಗನ್ನು ಹೊರಗೆ ಮಾಡಿ, ತಣ್ಣೀರಿನಲ್ಲಿ, ಬೇರೆ ಬಟ್ಟೆಗಳಿಂದ ಪ್ರತ್ಯೇಕವಾಗಿ ಒಗೆಯಿರಿ. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಕಾರ್ಖಾನೆಯಲ್ಲಿ ಸರಿಯಾಗಿ ಹಿಡಿಯದ ಬಣ್ಣವನ್ನು ಮನೆಯಲ್ಲಿ ಇವುಗಳಿಂದ ಹಿಡಿಸಲಾಗದು. ವಿಸ್ಕೋಸನ್ನು ಹಿಂಡಬೇಡಿ, ಹೆಣಿಗೆಯ ಬಟ್ಟೆಯನ್ನು ತೂಗುಹಾಕದೆ ಹಾಸಿ ಒಣಗಿಸಿ, ತೂಗುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಯಂತ್ರದ ಬಿಸಿಗಾಳಿಯಲ್ಲಿ ಒಣಗಿಸಿದರೆ ಹತ್ತಿ ಹೆಚ್ಚು ಕುಗ್ಗುತ್ತದೆ. ಒಣಗಿದ ಮೇಲೆ ಮತ್ತೊಮ್ಮೆ ಅಳೆದು ಎಷ್ಟು ಕುಗ್ಗಿತೆಂದು ಬರೆದಿಟ್ಟರೆ, ಅದೇ ಮಾರಾಟಗಾರರ ಅದೇ ಬಗೆಯ ಬಟ್ಟೆಯನ್ನು ಮತ್ತೆ ಕೊಳ್ಳುವಾಗ ಊಹಿಸಬೇಕಾಗುವುದಿಲ್ಲ.

ಹಿಂತಿರುಗಿಸಲಾಗದ ಉಡುಪು

ಸ್ವಲ್ಪ ಸಡಿಲವಾದದ್ದನ್ನು ಉಳಿಸಿಕೊಳ್ಳಬಹುದು. ಪಕ್ಕ ಹಿಡಿಸುವುದು, ಉದ್ದ ಕಡಿಮೆ ಮಾಡಿಸುವುದು, ತೋಳು ಮೊಟಕು ಮಾಡಿಸುವುದು, ಸೊಂಟ ಹಿಡಿಸುವುದು ದರ್ಜಿಗೆ ಸುಲಭದ ಕೆಲಸಗಳು. ಭುಜ ಇಳಿಬಿದ್ದಿದ್ದರೆ ತೋಳನ್ನು ಬಿಚ್ಚಿ ಮತ್ತೆ ಕೂರಿಸಬೇಕು, ಅದರ ಖರ್ಚು ಅಗ್ಗದ ಅಂಗಿಯ ಬೆಲೆಯನ್ನು ಮೀರಬಹುದು. ಬಿಗಿಯಾದದ್ದನ್ನು ಬಿಡಿಸುವುದು ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂಬುದರ ಮೇಲೆ ನಿಂತಿದೆ. ಫಾಸ್ಟ್ ಫ್ಯಾಷನ್ ಉಡುಪುಗಳಲ್ಲಿ ಹೊಲಿಗೆಯಾಚೆ ಉಳಿಯುವುದು ಬಹುಪಾಲು 1 ಸೆಂ.ಮೀ. ಅಥವಾ ಅದಕ್ಕೂ ಕಡಿಮೆ, ಅದೂ ಓವರ್‌ಲಾಕಿನಲ್ಲಿ ಕತ್ತರಿಸಿಹೋಗಿರುತ್ತದೆ. ಅಂತಹ ಉಡುಪನ್ನು ಮುಂದೆಂದೋ ಮೈಗೆ ಹೊಂದಬಹುದೆಂದು ಕಪಾಟಿನಲ್ಲಿ ಇರಿಸಿಕೊಳ್ಳುವುದಕ್ಕಿಂತ, ಅದು ಒಪ್ಪುವವರಿಗೆ ಈಗಲೇ ಕೊಟ್ಟುಬಿಡುವುದು ಮೇಲು.

ಇಟ್ಟುಕೊಂಡಿರಲಿ, ಹಿಂತಿರುಗಿಸಿರಲಿ, ಆ ಉತ್ಪನ್ನದ ಪುಟದಲ್ಲಿ ನಿಮ್ಮ ಅಭಿಪ್ರಾಯವನ್ನು ಬರೆಯಿರಿ. ಕೊಂಡ ಸೈಜು, ನಿಮ್ಮ ಎತ್ತರ, ಹಾಸಿದಾಗಿನ ಎದೆಯಗಲ ಮತ್ತು ಉದ್ದ, ಒಗೆದ ಮೇಲಿನ ಅದೇ ಅಳತೆಗಳು, ಹಗಲು ಬೆಳಕಿನ ಒಂದು ಚಿತ್ರ, ಇಷ್ಟು ವಿವರವಿದ್ದರೆ ಮುಂದೆ ಆ ಪುಟ ತೆರೆಯುವವರು ಮಾರಾಟಗಾರರ ಚಾರ್ಟನ್ನು ಅದರ ಪಕ್ಕದಲ್ಲಿಟ್ಟು ನೋಡಬಲ್ಲರು.